ಬೋಗಸ್ ಅಂದರೆ ಯಾರು?

ಇಂಗ್ಲಿಷಿನ ಒಂದು ಗುಣವಾಚಕ ನಮ್ಮ ಕಲಬುರಗಿ ಕಡೆ ಬಂದು ಮನೆಮಾತಾಗಿ ಕೂತಿದೆ. ಸೇಡಂ ಗಂಜಿನ ಕಟ್ಟೆಯ ಮೇಲೆ, ಚಿಂಚೋಳಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ, ಚಿತ್ತಾಪುರದ ತಹಸೀಲಿ ಕಚೇರಿಯ ಪಡಸಾಲೆಯಲ್ಲಿ, ಶಹಾಬಾದಿನ ಫರಸಿ ಕಲ್ಲಿನ ಗಣಿಗಳಲ್ಲಿ, ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ, ಎಲ್ಲೇ ನಾಲ್ಕು ಮಂದಿ ಕೂಡಿದರೂ ಆ ಮಾತು ಕಿವಿಗೆ ಬೀಳುತ್ತದೆ: ಬೋಗಸ್. “ಬೀಜ ಬೋಗಸ್ ಬಂದದರಿ.” “ಬಿಲ್ ಬೋಗಸ್ ಹಚ್ಯಾರ.” “ಕಾರ್ಡ್ ಬೋಗಸ್ ಅಂತ ಹೆಸರ ತೆಗದಾರ.” “ಆ ವಾರ್ಡಿನಾಗ ಬೋಗಸ್ ವೋಟ್ ಬಿದ್ದಾವ.” ಇಂಗ್ಲಿಷಿನ ಒಂದಕ್ಷರವನ್ನೂ ಕಲಿಯದ ಮುದುಕಿಯೂ ಈ ಮಾತನ್ನು ತನ್ನದೇ ಎಂಬಂತೆ ಆಡುತ್ತಾಳೆ. ಕನ್ನಡ, ಉರ್ದು, ತೆಲುಗು, ಲಂಬಾಣಿ, ಮರಾಠಿ ಒಂದೇ ಸಂತೆಯಲ್ಲಿ ಓಡಾಡುವ ನಾಡು ನಮ್ಮದು. ಇಲ್ಲಿ ಮಾತು ಯಾವ ಊರಿನಿಂದ ಬಂತೆಂದು ಕೇಳುವವರಿಲ್ಲ, ಉಪಯೋಗಕ್ಕೆ ಬಂದರೆ ಸಾಕು.

ಈ ಮಾತನ್ನು ಎಷ್ಟೋ ವರ್ಷಗಳಿಂದ ಕೇಳುತ್ತ ಬಂದ ನನಗೆ ಒಂದು ಸಂಗತಿ ಕಾಡುತ್ತಿದೆ. ಮೇಲಿನ ಮಾತುಗಳಲ್ಲಿ ಮೋಸವಿದೆ, ಮೋಸ ಮಾಡಿದವನಿಲ್ಲ. ಬೀಜ ಬೋಗಸ್, ಆದರೆ ಚೀಲಕ್ಕೆ ಆ ಬೀಜ ತುಂಬಿದವನು ಯಾರು? ಬಿಲ್ ಬೋಗಸ್, ಆದರೆ ಅದನ್ನು ಬರೆದ ಕೈ ಯಾರದು, ಅದಕ್ಕೆ ಸಹಿ ಹಾಕಿದ ಕೈ ಯಾರದು? ಬೋಗಸ್ ಎಂಬುದು ವಸ್ತುವಿಗೆ ಅಂಟುತ್ತದೆ, ಮನುಷ್ಯನನ್ನು ಬಿಟ್ಟುಬಿಡುತ್ತದೆ. ಬೋಗಸ್ ಡಾಕ್ಟರ್ ಎಂದಾಗಲೂ ನಾವು ನೋಡುವುದು ಅವನ ಗೋಡೆಯ ಮೇಲಿನ ಸರ್ಟಿಫಿಕೇಟನ್ನು. ಜ್ವರದ ಕೂಸಿಗೆ ಸೂಜಿ ಚುಚ್ಚಿದ ಅವನ ಧೈರ್ಯವನ್ನಲ್ಲ. ಅಪ್ರಾಮಾಣಿಕತೆ ಎಂಬುದು ನಡತೆ. ನಡತೆ ಮನುಷ್ಯನಿಗಿರುತ್ತದೆ, ಕಾಗದಕ್ಕಾಗಲಿ ಕಾಳಿಗಾಗಲಿ ಇರುವುದಿಲ್ಲ.

ಈ ಪದ ಹುಟ್ಟಿದ್ದೂ ಒಂದು ವಸ್ತುವಿನ ಹೆಸರಾಗಿಯೇ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕಳ್ಳನಾಣ್ಯ ಒತ್ತುವ ಯಂತ್ರಕ್ಕೆ ಜನ ಬೋಗಸ್ ಎನ್ನುತ್ತಿದ್ದರು. ಓಹಾಯೋ ಸಂಸ್ಥಾನದ ಪೇನ್ಸ್‌ವಿಲ್ ಎಂಬ ಊರಿನ ಪತ್ರಿಕೆಯೊಂದು 1827ರಲ್ಲಿ ಅಂಥ ಯಂತ್ರಕ್ಕೆ ಆ ಹೆಸರು ಕೊಟ್ಟು ಬರೆದಿತ್ತು. ಯಂತ್ರದ ಹೆಸರು ಅದರಿಂದ ಬಿದ್ದ ನಾಣ್ಯಕ್ಕೆ ಬಂತು, ನಾಣ್ಯದಿಂದ ಎಲ್ಲ ಬಗೆಯ ನಕಲಿ ಸರಕಿಗೂ ಹಬ್ಬಿತು. ಹೆಸರು ಯಂತ್ರದ್ದು, ಸರಕಿನದು. ಯಂತ್ರದ ಹಿಡಿ ತಿರುವಿದವನಿಗೆ ಆ ಮಾತಿನಲ್ಲಿ ಆಗಲೂ ಜಾಗವಿರಲಿಲ್ಲ.

ನಮ್ಮ ಸೀಮೆಗೆ ಕಳ್ಳನಾಣ್ಯದ ಮಾತು ಹೊಸದಲ್ಲ. ಎರಡು ಸಿಕ್ಕಾ ಒಟ್ಟಿಗೆ ನಡೆದ ನೆಲ ಇದು. ನಿಜಾಮರ ಹಾಲಿ ಸಿಕ್ಕಾ ಒಂದು, ಬ್ರಿಟಿಷರ ಕಲ್ದಾರ್ ರೂಪಾಯಿ ಇನ್ನೊಂದು. ಸುಮಾರು ಏಳು ಹಾಲಿಗೆ ಆರು ಕಲ್ದಾರ್ ಎಂಬುದು ಲೆಕ್ಕ. ಮುಂಬೈ–ಮದ್ರಾಸಿನ ರೈಲು ಮಾರ್ಗಕ್ಕೆ ವಾಡಿಯಲ್ಲಿ ನಿಜಾಮರ ರೈಲು ಬಂದು ಕೂಡಿದ್ದು 1874ರಲ್ಲಿ. ವಾಡಿಯಿಂದ ಚಿತ್ತಾಪುರ, ಮಳಖೇಡ, ಸೇಡಂ ದಾಟಿ ತಾಂಡೂರು, ಸಿಕಂದರಾಬಾದಿಗೆ ಅದೇ ಹಳಿ ಹೋಗುತ್ತದೆ. ಶಹಾಬಾದು ಮುಂಬೈ ಮಾರ್ಗದ ಮೇಲಿದೆ. ಚಿಂಚೋಳಿಯೊಂದಕ್ಕೆ ರೈಲಿಲ್ಲ. ಹೀಗೆ ಸರಕು, ಜನ, ದುಡ್ಡು ಎರಡೂ ಕಡೆಯಿಂದ ಹರಿದುಬರುವ ಊರುಗಳಲ್ಲಿ ಕೈಗೆ ಬಂದ ರೂಪಾಯಿಯನ್ನು ನೆಲದ ಮೇಲೆ ಬಾರಿಸಿ ನೋಡುವುದು ವ್ಯವಹಾರದ ಮೊದಲ ಪಾಠವಾಗಿತ್ತು. ನಾದ ಸರಿಯಿದ್ದರೆ ಖರೇ, ನಾದ ಕೆಟ್ಟರೆ ಖೊಟ್ಟಿ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, ಹಾಲಿ ಸಿಕ್ಕಾ 1950ರ ದಶಕದಲ್ಲಿ ಚಲಾವಣೆಯಿಂದ ಸರಿಯಿತು. ಖರೇ, ಖೊಟ್ಟಿ ಎಂಬ ಎರಡು ಮಾತು ಮಾತ್ರ ನಮ್ಮ ಬಾಯಲ್ಲಿ ಉಳಿದವು.

ಉಳಿದದ್ದಷ್ಟೇ ಅಲ್ಲ, ನಾಣ್ಯಕ್ಕೆ ಸಲ್ಲುವ ಆ ಮಾತುಗಳು ಮನುಷ್ಯರಿಗೂ ಸಲ್ಲುತ್ತವೆ. ನಮ್ಮಲ್ಲಿ ಸತ್ಯಕ್ಕೆ ನಿತ್ಯದ ಹೆಸರೇ ಖರೇ. “ಖರೇ ಹೇಳು” ಎಂದು ತಾಯಿ ಮಗುವನ್ನು ಕೇಳುತ್ತಾಳೆ. “ಹದಿನಾರಾಣೆ ಖರೇ ಅದರಿ” ಎಂದು ಪಂಚರ ಮುಂದೆ ಸಾಕ್ಷಿ ಹೇಳುವವನು ಎದೆ ತಟ್ಟುತ್ತಾನೆ. ಖೊಟ್ಟಿಯೂ ಹಾಗೆಯೇ. ನಮ್ಮ ಆಯಿ ಒಬ್ಬನನ್ನು ಖೊಟ್ಟಿ ಮನುಷ್ಯಾ ಎಂದಳೆಂದರೆ ಮನೆಯಲ್ಲಿ ಅವನ ಹತ್ತಿರ ಸಾಲ ತರುವುದಾಗಲಿ ಬೀಗತನ ಮಾಡುವುದಾಗಲಿ ಮುಗಿದ ಮಾತು. ಆ ಮಾತನ್ನು ಅವಳು ಸುಮ್ಮನೆ ಆಡುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಯಾವ ವರ್ಷ, ಯಾರ ಹೊಲದ ಬದು, ಎಷ್ಟು ಸೇರು ಜೋಳ ಎಂದು ಲೆಕ್ಕ ಒಪ್ಪಿಸುತ್ತಿದ್ದಳು. ಒಬ್ಬನಿಗೆ ಕೆಟ್ಟ ಹೆಸರಿಡುವ ಮೊದಲು ಸಾಕ್ಷಿ ಬೇಕೆಂಬ ನ್ಯಾಯ ಅವಳಿಗೆ ಯಾರೂ ಕಲಿಸದೆ ಗೊತ್ತಿತ್ತು. ದಗಾಬಾಜ, ಬೇಇಮಾನ, ಲಫಂಗ ಎಂಬ ಮಾತುಗಳೂ ಹೀಗೆ ಒಬ್ಬ ಮನುಷ್ಯನ ಮುಖ ನೋಡಿ ಆಡುವ ಮಾತುಗಳು. ಅಮೆರಿಕದ ಪದ ಕಳ್ಳನಾಣ್ಯದಿಂದ ಹೊರಟು ಕಾಗದಪತ್ರದಲ್ಲಿ ಹೋಗಿ ನಿಂತಿತು. ನಮ್ಮ ಪದ ಕಳ್ಳನಾಣ್ಯದ ಜೊತೆಗೆ ಮನುಷ್ಯನ ನಡತೆಯನ್ನೂ ಹಿಡಿಯಿತು.

ಈ ವ್ಯತ್ಯಾಸ ಮಾತಿಗಷ್ಟೇ ಸೇರಿದ್ದಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ಹೊಲಕ್ಕೂ ಹೊಟ್ಟೆಗೂ ಸೇರಿದ ಸಂಗತಿ. ಕಲಬುರಗಿ ಜಿಲ್ಲೆಯನ್ನು ತೊಗರಿಯ ಕಣಜ ಎನ್ನುತ್ತಾರೆ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ನಕಲಿ ಸರಕು ನಮ್ಮ ಬೇಳೆಯ ಹೆಸರು ಹೊತ್ತು ಮಾರಾಟವಾಗದಿರಲಿ ಎಂಬುದೇ ಆ ಮಾನ್ಯತೆಯ ಉದ್ದೇಶ. ಆದರೆ ಬೇಳೆಯಾಗುವ ಮೊದಲು ಅದು ಬೀಜ. ಮುಂಗಾರು ಬಿದ್ದೊಡನೆ ಜೂನ್, ಜುಲೈ ತಿಂಗಳಲ್ಲಿ ಬಿತ್ತಿದ ತೊಗರಿ ರಾಶಿಗೆ ಬರುವುದು ಡಿಸೆಂಬರ್, ಜನವರಿಗೆ. ಮೊಳಕೆ ಬಾರದಿದ್ದರೆ ವಾರದಲ್ಲಿ ಗೊತ್ತಾಗುತ್ತದೆ. ಮೊಳಕೆ ಬಂದು, ಗಿಡ ಎದೆಮಟ್ಟ ಬೆಳೆದು, ಹೂವಾಡುವ ಕಾಲಕ್ಕೆ ಹೂವೇ ಆಗದಿದ್ದರೆ, ಹೂವಾಗಿಯೂ ಕಾಯಿ ಕಟ್ಟದಿದ್ದರೆ, ನಾಲ್ಕೈದು ತಿಂಗಳ ದುಡಿಮೆ, ಗೊಬ್ಬರ, ಔಷಧ, ಸಾಲ ಎಲ್ಲ ಮಣ್ಣುಪಾಲಾದ ಮೇಲೆ ಸತ್ಯ ಹೊರಬೀಳುತ್ತದೆ. ಆಗ ರೈತ ಹೇಳುವುದು ಒಂದೇ ಮಾತು: “ಬೀಜ ಬೋಗಸ್.” ಅಷ್ಟು ಹೇಳಿ ಅವನು ಆಕಾಶ ನೋಡುತ್ತಾನೆ. ನೆಟೆರೋಗವೋ, ಮಳೆಯ ತಪ್ಪೋ, ಮಂಜೋ, ಬೀಜವೋ ಎಂದು ಬಿಡಿಸಿ ಹೇಳುವವರು ಆ ಹೊತ್ತಿಗೆ ಅವನ ಹತ್ತಿರ ಇರುವುದಿಲ್ಲ. ಎಲ್ಲ ನಷ್ಟವೂ ಬೀಜದ ಮೋಸದಿಂದಲೇ ಆದದ್ದಲ್ಲ ಎಂಬುದೂ ನಿಜ. ಅದಕ್ಕೇ ಯಾರಿಂದ, ಯಾವುದರಿಂದ ಎಂಬ ಪ್ರಶ್ನೆಯನ್ನು ಅಲ್ಲಿಗೇ ಬಿಡಬಾರದು.

ಬೀಜದ ಚೀಲಕ್ಕೊಂದು ಚೀಟಿ ಹೊಲಿದಿರುತ್ತದೆ. ಆ ಚೀಟಿಯನ್ನು ಓದಲು ನಮ್ಮ ಮಕ್ಕಳಿಗೆ ಶಾಲೆಯಲ್ಲೇ ಕಲಿಸಬೇಕೆಂದು ನನ್ನ ಆಸೆ. ತಳಿ ತಯಾರಿಸಿದವರ ಕೈಯಿಂದ ಬರುವ ತಳಿವರ್ಧಕ ಬೀಜಕ್ಕೆ ಹೊಂಬಣ್ಣದ ಹಳದಿ ಚೀಟಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ಇನ್ನೊಂದು ತಿಳಿಹಸಿರು ಚೀಟಿ ಇದೆ. ಅದರ ಹೆಸರಲ್ಲೇ ಸತ್ಯ ಎಂಬ ಮಾತಿದೆ: ಟ್ರೂತ್‌ಫುಲ್ ಲೇಬಲ್. ನೀಲಿ ಚೀಟಿಯ ಹಿಂದೆ ಪ್ರಮಾಣೀಕರಣ ಸಂಸ್ಥೆಯ ಪರೀಕ್ಷೆ ನಿಂತಿರುತ್ತದೆ. ಹಸಿರು ಚೀಟಿಯ ಹಿಂದೆ ನಿಂತಿರುವುದು ಮಾರುವವನ ಮಾತು. ನಾನು ಬರೆದದ್ದು ನಿಜ ಎಂದು ಅವನೇ ಒಪ್ಪಿ ಕೊಟ್ಟ ಮಾತು ಅದು. ಪ್ರಮಾಣಿತ ತೊಗರಿಯಲ್ಲಿ ನೂರು ಕಾಳು ಹಾಕಿದರೆ ಕನಿಷ್ಠ 75 ಮೊಳೆಯಬೇಕು, ತೂಕದಲ್ಲಿ ನೂರಕ್ಕೆ 98 ಪಾಲು ಶುದ್ಧ ಬೀಜವಿರಬೇಕು. ತಳಿ, ಲಾಟ್ ನಂಬರು, ಪರೀಕ್ಷೆಯ ದಿನಾಂಕ, ತಯಾರಕನ ಹೆಸರು ಎಲ್ಲ ಆ ಅಂಗೈಯಗಲದ ಚೀಟಿಯಲ್ಲಿರುತ್ತದೆ. 1966ರ ಬೀಜ ಕಾಯಿದೆ ಇಂಥ ವಿವರಕ್ಕೆ ಬಲ ಕೊಟ್ಟದ್ದು ಅಂದಕ್ಕಾಗಿ ಅಲ್ಲ, ತಪ್ಪು ನಡೆದರೆ ಹುಡುಕಿಕೊಂಡು ಹೋಗುವ ದಾರಿ ಇರಲೆಂದು. ಬಿತ್ತುವ ದಿನದ ಗಡಿಬಿಡಿಯಲ್ಲಿ ಆ ಚೀಟಿ ಹರಿದು ಬದುವಿನ ಮೇಲೆ ಬಿದ್ದರೆ, ಬೀಜ ಮಾತ್ರ ಬೋಗಸ್ಸಾಗಿ ಉಳಿಯುತ್ತದೆ, ಮಾಡಿದವನು ಅನಾಮಧೇಯನಾಗಿ ಹೋಗುತ್ತಾನೆ.

ಬೆಳೆ ಬಂದ ವರ್ಷ ಗಂಜಿನ ಮಾರುಕಟ್ಟೆಗೆ ಹೋಗಬೇಕು. ಅಡತಿ ಅಂಗಡಿಯ ಮುಂದೆ ಚೀಲಗಳ ಸಾಲು, ಹಮಾಲರ ಕೂಗು, ಕಾಟಾದ ಮೇಲೆ ಏರಿಳಿಯುವ ಅಂಕಿ. ಹಸಿ ಇದೆ, ಮಣ್ಣಿದೆ, ಚೀಲದ ತೂಕವಿದೆ ಎಂದು ಪ್ರತಿ ಚೀಲಕ್ಕೆ ಒಂದಿಷ್ಟು ಕಾಳು ಲೆಕ್ಕದಿಂದ ಬಿಡುವುದಕ್ಕೆ ಸೂಟು ಎನ್ನುತ್ತಾರೆ. ಒಂದು ಚೀಲದಲ್ಲಿ ಹೋಗುವುದು ಬೊಗಸೆಯಷ್ಟು. ಸಂಜೆಯ ಹೊತ್ತಿಗೆ ಇಡೀ ಗಂಜಿನ ಬೊಗಸೆಗಳು ಕೂಡಿದರೆ ರಾಶಿ. “ಸಾವ್ಕಾರ್ರೇ, ಇಷ್ಟ್ಯಾಕ ಕಡೀಲಿಕತ್ತೀರಿ?” ಎಂದು ಕೇಳಿದ ರೈತನಿಗೆ “ಪದ್ಧತಿ ಅದನಪ್ಪಾ” ಎಂಬ ಉತ್ತರ ಬರುತ್ತದೆ. ಪದ್ಧತಿಗೆ ಕೈಕಾಲಿಲ್ಲ. ಪದ್ಧತಿಯನ್ನು ಠಾಣೆಗೆ ಕರೆಯಲಿಕ್ಕಾಗುವುದಿಲ್ಲ. ಅದೇ ಗಂಜಿನಲ್ಲಿ ಒಂದು ಕಾಳೂ ಹೆಚ್ಚು ಹಿಡಿಯದೆ ಪಟ್ಟಿ ಬರೆದುಕೊಡುವ ಅಡತಿಯವರನ್ನೂ ನಾನು ಬಲ್ಲೆ. ಇಂಥವರ ಅಂಗಡಿಗೆ ಚಿಂಚೋಳಿಯ ತಾಂಡಾಗಳಿಂದ ಗಾಡಿ ಬಾಡಿಗೆ ಹೆಚ್ಚು ಕೊಟ್ಟಾದರೂ ಬರುತ್ತಾರೆ. ಎಲ್ಲಕ್ಕೂ ಪದ್ಧತಿ ಎಂಬ ಹೆಸರಿಟ್ಟರೆ ಈ ಖರೇ ಮಂದಿಗೂ ಅನ್ಯಾಯವಾಗುತ್ತದೆ. ಮೋಸ ಮಾಡಿದವನ ಹೆಸರು ಮರೆಯಾದಾಗ ಮಾಡದವನ ಹೆಸರೂ ಅದರ ಜೊತೆಗೇ ಮರೆಯಾಗುತ್ತದೆ.

ತಪ್ಪಿನ ಮೂಲವನ್ನು ಹಿಂದಕ್ಕೆ ಹೋಗಿ ಹಿಡಿಯುವ ವಿದ್ಯೆ ನಮ್ಮ ನೆಲದ್ದೇ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಊರು, ಒಂದು ಕಾಲದ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕವಿರಾಜಮಾರ್ಗ ಅಮೋಘವರ್ಷ ನೃಪತುಂಗನ ಆಸ್ಥಾನದ್ದೆಂದು ಎಲ್ಲರಿಗೂ ಗೊತ್ತು. ಅವನದೇ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞ ಗಣಿತಸಾರಸಂಗ್ರಹ ಬರೆದ, ಅಮೋಘವರ್ಷನನ್ನು ಅದರಲ್ಲಿ ಹೊಗಳಿದ. ಧಾನ್ಯದ ಅಳತೆ, ಬಂಗಾರದ ತೂಕ, ಸಾಲದ ಬಡ್ಡಿ, ಪಾಲುದಾರರ ಲಾಭ, ಎಲ್ಲವೂ ಅದರೊಳಗೆ ಲೆಕ್ಕವಾಗಿ ಬರುತ್ತವೆ. ಬಂಗಾರದ ಶುದ್ಧತೆಯನ್ನು ಆಗ ವರ್ಣದಲ್ಲಿ ಎಣಿಸುತ್ತಿದ್ದರು. ಹದಿನಾರು ವರ್ಣವೆಂದರೆ ಅಪ್ಪಟ. ಬೇರೆ ಬೇರೆ ವರ್ಣದ ತುಂಡುಗಳನ್ನು ಕೂಡಿಸಿ ಕರಗಿಸಿದರೆ ಗಟ್ಟಿಯ ವರ್ಣ ಎಷ್ಟಾದೀತು ಎಂಬುದು ಒಂದು ಬಗೆಯ ಲೆಕ್ಕ. ಇನ್ನೊಂದು ಬಗೆಯ ಲೆಕ್ಕ ನನಗೆ ಬಹಳ ಹಿಡಿಸುತ್ತದೆ. ಕರಗಿದ ಗಟ್ಟಿಯ ವರ್ಣ ಗೊತ್ತಿದೆ, ಉಳಿದ ತುಂಡುಗಳ ವರ್ಣ ಗೊತ್ತಿದೆ, ಒಂದರದ್ದು ಗೊತ್ತಿಲ್ಲ. ಆ ಒಂದು ತುಂಡಿನ ವರ್ಣ ಎಷ್ಟು? ಬೆಂಕಿಯಲ್ಲಿ ಎಲ್ಲ ಬೆರೆತುಹೋದ ಮೇಲೂ ಗಟ್ಟಿಯನ್ನು ಕೆಳಗಿಳಿಸಿದ ತುಂಡು ಯಾವುದೆಂದು ಹೇಳಬಹುದು ಎಂಬ ವಿಶ್ವಾಸ ಆ ಲೆಕ್ಕದಲ್ಲಿದೆ. ಸಾವಿರದ ನೂರೆಪ್ಪತ್ತು ವರ್ಷಗಳ ಹಿಂದೆ ಲೆಕ್ಕದಲ್ಲಿ ಸಾಧ್ಯವಾದದ್ದು ಇಂದಿನ ಗಂಜಿನಲ್ಲಿ, ಇಂದಿನ ಕಡತದಲ್ಲಿ ಸಾಧ್ಯವಾಗದೆಂದು ನಾನು ಒಪ್ಪಲಾರೆ.

ಬೋಗಸ್ ಎಂಬ ಮಾತಿಗೆ ಇನ್ನೊಂದು ಮುಖವಿದೆ, ಅದು ಹೆಚ್ಚು ಕ್ರೂರ. ಶಹಾಬಾದ್, ಚಿತ್ತಾಪುರದ ಸುತ್ತ ನೆಲದಡಿ ಸುಣ್ಣಕಲ್ಲು ಪದರಪದರವಾಗಿ ಕೂತಿದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಎದ್ದದ್ದು ಆ ಕಲ್ಲಿನ ಮೇಲೆ. ದೇಶದ ಎಷ್ಟೋ ರೈಲು ನಿಲ್ದಾಣ, ವಾಡೆ, ಚಾಳುಗಳ ನೆಲಕ್ಕೆ ಹಾಸಿದ್ದು ಇದೇ ಫರಸಿ. ಹಾರೆ ಹಾಕಿ ಪದರ ಎಬ್ಬಿಸುವವರು, ಅಂಚು ಹೊಡೆಯುವವರು, ಲಾರಿಗೆ ಏರಿಸುವವರು ವರ್ಷಗಟ್ಟಲೆ ದುಡಿದರೆ ಬೆರಳಿನ ಗೆರೆ ಸವೆಯುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರೆ ಹತ್ತುವುದಿಲ್ಲ. “ಯಕ್ಕಾ, ಕೈ ತೊಳಕೊಂಡ ಬಾ,” ಎನ್ನುತ್ತಾರೆ. ತೊಳೆದು ಬಂದರೂ ಹತ್ತುವುದಿಲ್ಲ. “ನಾಳಿಗಿ ಬಾ.” ಹೀಗೆ ಹೆಬ್ಬೆಟ್ಟು ಹತ್ತದವರು, ಗುಳೆ ಹೋಗಿ ತಿಂಗಳುಗಟ್ಟಲೆ ಊರಲ್ಲಿಲ್ಲದವರು, ಹೆಸರಿನ ಒಂದಕ್ಷರ ಎರಡು ಕಾಗದದಲ್ಲಿ ಎರಡು ಬಗೆಯಾಗಿರುವವರು ಬೋಗಸ್ ಎಂಬ ಪಟ್ಟಿಗೆ ಬೀಳುವ ಭಯದಲ್ಲಿ ಬದುಕುತ್ತಾರೆ. ಪಟ್ಟಿಯಲ್ಲಿ ನಿಜವಾದ ಕಳ್ಳ ಕಾರ್ಡುಗಳೂ ಇರುತ್ತವೆ, ಅವನ್ನು ತೆಗೆಯಲೇಬೇಕು. ಆದರೆ ಸುಳ್ಳು ಕಾರ್ಡು ಮಾಡಿಸಿದವನನ್ನೂ, ಬೆರಳು ಸವೆದ ಹೆಣ್ಣುಮಗಳನ್ನೂ ಒಂದೇ ಮಾತಿನಲ್ಲಿ ಕಟ್ಟಿಹಾಕಿದರೆ ಕಳ್ಳನಿಗೆ ಅದೊಂದು ಕಾರ್ಡಿನ ನಷ್ಟ, ಆ ತಾಯಿಗೆ ಮಾನದ ನಷ್ಟ. ಬೀಜದ ವಿಷಯದಲ್ಲಿ ಮೋಸಗಾರನನ್ನು ಬಚ್ಚಿಟ್ಟ ಮಾತೇ ಇಲ್ಲಿ ನಿರಪರಾಧಿಯ ಮೇಲೆ ಬಿತ್ತು. ಆಯಿಯಾಗಿದ್ದರೆ ಸಾಕ್ಷಿ ಕೇಳುತ್ತಿದ್ದಳು. ಪಟ್ಟಿ ಕೇಳುವುದಿಲ್ಲ.

ಇದನ್ನು ಬರೆಯುವಾಗ ನನಗೆ ಸನ್ನತಿಯ ನೆನಪಾಗದೆ ಇರದು. ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ತೀರದಲ್ಲಿ, ಚಂದ್ರಲಾಂಬೆಯ ಕ್ಷೇತ್ರ ಅದು. 1986ರಲ್ಲಿ ಅಲ್ಲಿಯ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅವು ಅಶೋಕನ ಶಾಸನ. ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಪ್ರತ್ಯೇಕ ಶಾಸನಗಳ ಪಾಠ ನಮ್ಮ ಭೀಮೆಯ ದಂಡೆಯಲ್ಲೂ ಕೆತ್ತಲ್ಪಟ್ಟಿತ್ತು. ಆ ಪಾಠದಲ್ಲಿ ಅರಸ ತನ್ನ ಅಧಿಕಾರಿಗಳ ಜೊತೆ ಮಾತಾಡುತ್ತಾನೆ. ಎಲ್ಲ ಜನರೂ ತನ್ನ ಮಕ್ಕಳೆನ್ನುತ್ತಾನೆ. ಕಾರಣವಿಲ್ಲದೆ ಯಾರಿಗೂ ಸೆರೆಯಾಗಲಿ ಹಿಂಸೆಯಾಗಲಿ ಆಗಬಾರದೆನ್ನುತ್ತಾನೆ. ನ್ಯಾಯ ತಪ್ಪುವುದು ಯಾಕೆಂದು ಅವನು ಒಂದೊಂದಾಗಿ ಹೆಸರಿಸುತ್ತಾನೆ: ಅಸೂಯೆ, ಸಿಟ್ಟು, ಕಾಠಿಣ್ಯ, ಆತುರ, ಆಲಸ್ಯ, ದಣಿವು. ಆಡಳಿತ ಕೆಟ್ಟಿದೆ ಎಂದು ಅವನು ಹೇಳಿ ಮುಗಿಸಲಿಲ್ಲ. ಕುರ್ಚಿಯ ಮೇಲೆ ಕೂತ ಮನುಷ್ಯನ ಮನಸ್ಸಿನಲ್ಲಿ ಏನು ಕೆಟ್ಟರೆ ಜನರಿಗೆ ಅನ್ಯಾಯವಾಗುತ್ತದೆ ಎಂಬುದನ್ನು ಬಿಡಿಸಿ ಹೇಳಿದ. ತಿಷ್ಯ ನಕ್ಷತ್ರದ ದಿನಗಳಂದು ಇದನ್ನು ಓದಿ ಹೇಳಬೇಕು, ಒಬ್ಬನೇ ಕೇಳುಗನಿದ್ದರೂ ಓದಬಹುದು ಎಂದ. ಐದು ವರ್ಷಕ್ಕೊಮ್ಮೆ ಪರಿಶೀಲನೆಗೆ ಒಬ್ಬನನ್ನು ಕಳಿಸುವೆನೆಂದ. ಯಂತ್ರದ ಮುಂದೆ ನಿಂತ ಹೆಣ್ಣುಮಗಳಿಗೆ ನಾಳಿಗಿ ಬಾ ಎನ್ನುವಾಗ ಅಲ್ಲಿ ಕೆಲಸ ಮಾಡುವುದು ಆತುರವೋ ಆಲಸ್ಯವೋ ಎಂದು ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಆ ಕಲ್ಲು ಈಗಲೂ ಕೇಳುತ್ತದೆ. ಕಾರಣ ಯಾವುದೇ ಇರಲಿ, ಅದು ಒಬ್ಬ ಮನುಷ್ಯನೊಳಗಿನದು ಎಂದು ಆ ಕಲ್ಲಿಗೆ ಗೊತ್ತಿತ್ತು.

ಬೋಗಸ್ ಎಂಬ ಮಾತನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಅದರಿಂದ ನಮ್ಮ ಜನರಿಗೆ ಧೈರ್ಯ ಬಂದದ್ದೂ ಉಂಟು. ಕಚೇರಿಯ ಭಾಷೆ ಗೊತ್ತಿಲ್ಲದ ಕೂಲಿಯವರು ಗ್ರಾಮಸಭೆಯಲ್ಲಿ ಎದ್ದುನಿಂತು “ಈ ಹಾಜರಿ ಬೋಗಸ್ ಅದರಿ” ಎಂದಾಗ ಮೇಜಿನ ಆಚೆ ಕೂತವರು ತಲೆ ಎತ್ತಿ ನೋಡುತ್ತಾರೆ. ದೊಡ್ಡ ಮಾತಿನ ಅಗತ್ಯವಿಲ್ಲದೆ ಒಂದೇ ಪದದಲ್ಲಿ ಅನುಮಾನವನ್ನು ಹೊರಗಿಡುವ ಶಕ್ತಿ ಅದಕ್ಕಿದೆ. ಅದು ಶುರು ಮಾಡುವ ಮಾತು. ನಾವು ಅದನ್ನು ಮುಗಿಸುವ ಮಾತು ಮಾಡಿಕೊಂಡದ್ದು ತಪ್ಪು. ಹಾಜರಿ ಬೋಗಸ್ ಎಂದ ಮೇಲೆ, ಬರೆದವರು ಯಾರು, ನೋಡಿ ಒಪ್ಪಿದವರು ಯಾರು, ಹಣ ಯಾರ ಖಾತೆಗೆ ಹೋಯಿತು ಎಂದು ಮೂರು ಪ್ರಶ್ನೆ ಕೂಡಲೇ ಬರಬೇಕು. ಬಂದ ಕಡೆಗಳಲ್ಲಿ ಕೂಲಿ ತಿರುಗಿ ಸಿಗುವ ಸಾಧ್ಯತೆಯಾದರೂ ಇರುತ್ತದೆ. ಬರದ ಕಡೆ ಮುಂದಿನ ವರ್ಷವೂ ಅದೇ ಹಾಜರಿ, ಅದೇ ಕೈ.

ಅದಕ್ಕೇ ಬಿತ್ತುವ ಕಾಲಕ್ಕೆ ಮನೆಗೆ ಬಂದ ತಮ್ಮಂದಿರಿಗೆ ನಾನು ಹೇಳುವುದು ಇಷ್ಟೇ. ಬೀಜ ಕೊಂಡರೆ ರಸೀದಿ ಬರೆಸಿಕೊಳ್ಳಿರಿ. ಚೀಲವನ್ನು ಚೀಟಿಯ ಕಡೆಯಿಂದ ಹರಿಯದೆ ಕೆಳಗಿನಿಂದ ಬಿಚ್ಚಿರಿ. ಒಂದು ಹಿಡಿ ಬೀಜ ಆ ಚೀಲದಲ್ಲೇ ಉಳಿಸಿ, ರಸೀದಿಯನ್ನು ಅದರೊಳಗಿಟ್ಟು, ರಾಶಿ ಮನೆಗೆ ಬರುವತನಕ ತೊಲೆಗೆ ಕಟ್ಟಿರಿ. ಗಂಜಿನಲ್ಲಿ ಎಷ್ಟು ಕಡಿದರೆಂಬುದನ್ನು ಬಾಯಿಮಾತಿಗೆ ಬಿಡದೆ ಪಟ್ಟಿಯ ಮೇಲೆ ಬರೆಯಲು ಹೇಳಿರಿ. ಹೆಬ್ಬೆಟ್ಟು ಹತ್ತದೆ ತಿರುಗಿ ಕಳಿಸಿದರೆ ಆ ದಿನ, ಆ ಹೊತ್ತು, ಕಳಿಸಿದವರ ಹೆಸರು ಒಂದು ವಹಿಯಲ್ಲಿ ಮಕ್ಕಳ ಕೈಲಾದರೂ ಬರೆಸಿಡಿರಿ. ಇವು ಸಣ್ಣ ಕೆಲಸಗಳು, ಯಾರೂ ಮಾಡಬಹುದಾದವು. ಒಂದೊಂದೂ ಒಂದು ಹೆಸರನ್ನು ಹಿಡಿದಿಡುತ್ತದೆ. ಇನ್ನು ಯಾರಾದರೂ ಬಂದು “ಅಣ್ಣಾರ, ಬೋಗಸ್ ಆತರಿ” ಎಂದರೆ ಹೌದೆಂದು ತಲೆಯಾಡಿಸಿ ಕಳಿಸಬಾರದು. ಕೂಡ್ರಿಸಿ, ನೀರು ಕೊಟ್ಟು, ಯಾರು ಮಾಡಿದರು ಎಂದು ಕೇಳಬೇಕು. ಹೆಸರು ಬರುವತನಕ ಕೇಳಬೇಕು. ಆ ಹೆಸರಿನ ಎದುರು ಸಾಕ್ಷಿ ಇದೆಯೇ ಎಂದೂ ಕೇಳಬೇಕು. ಎರಡೂ ಸಿಕ್ಕ ದಿನ ದೂರು ತಂದವನ ಜೊತೆಗೆ ಕಚೇರಿಯ ಮೆಟ್ಟಿಲು ಹತ್ತುವುದು ನಮ್ಮ ಕೆಲಸ.